ಬಲ್ಲೆವು, ಒಲ್ಲೆವು

ಅತ್ತೆಯ ಮದುವೆಯ ದಿನ ಬೆಳಿಗ್ಗೆ ಎಂಟೂವರೆಗೆ ಅವರ ತಮ್ಮ ಫೋನ್ ಮಾಡಿದರು. ನಾನೇ ಎತ್ತಿದೆ.

"ಇದೇನಮ್ಮಾ, ಮದುವೆ ಕಾರ್ಡೋ, ಜಗಳದ ನೋಟಿಸೋ? ಹೊರಡೋ ಮುಂಚೆ ವಿಳಾಸ ನೋಡೋಣ ಅಂತ ತೆಗೆದ್ರೆ ಹೀಗಿದೆ! ನಮ್ಮಕ್ಕ ನೋಡಿದ್ದಾಳಾ?"

ಕಾರ್ಡು ತೆಗೆದು ನೋಡಿದೆ. 'ಒಬ್ಬರನ್ನೊಬ್ಬರು ಒಲ್ಲೆವು. ಆದ್ದರಿಂದ ಮದುವೆಯಾಗುತ್ತಿದ್ದೇವೆ. ಬಂದು ಹರಸಿ.'

ಬಲ್ಲೆವು ಎಂದಿರಬೇಕಿತ್ತು. ಆ ಸಾಲು ಮದುಮಗನದೇ. ಅವರ ಕೈಬರಹದಲ್ಲಿ 'ಬ' ಕೂಡ 'ಒ'ದ ಹಾಗೆಯೇ ಕಾಣುತ್ತದೆ. ಅಕ್ಷರ ಜೋಡಿಸಿದವನನ್ನು ದೂರುವಂತಿಲ್ಲ. ಪ್ರೂಫ್ ನೋಡಿದವಳು ನಾನು.

ಪ್ರೆಸ್ಸಿನಲ್ಲಿ ನಾನು ಪ್ರೂಫ್ ಓದುವುದು ಕೊನೆಯ ಪದದಿಂದ ಮೊದಲ ಪದಕ್ಕೆ. ಅರ್ಥದ ಬೆನ್ನು ಹತ್ತಿದರೆ ಕಣ್ಣು ಜಾರುತ್ತದೆ, ಅಕ್ಷರದ ತಪ್ಪು ನುಸುಳಿ ಹೋಗುತ್ತದೆ. ಎರಡು ವರ್ಷದಿಂದ ಹೀಗೆಯೇ ಓದುತ್ತಿದ್ದೇನೆ. ಅರ್ಥ ಬೇಡದವಳಿಗೆ ಹೇಳಿ ಮಾಡಿಸಿದ ಕೆಲಸ. 'ಒಲ್ಲೆವು' ಎಂಬುದರಲ್ಲಿ ಕಾಗುಣಿತದ ದೋಷವಿಲ್ಲ. ಸರಿ ಎಂದು ಗುರುತು ಹಾಕಿದ್ದೆ. ಎಷ್ಟೋ ಸಂಸಾರಗಳೂ ಹೀಗೇ ಇರಬೇಕು: ಪದ ಪದವೂ ಸರಿ, ವಾಕ್ಯ ಮಾತ್ರ ತಪ್ಪು.

ಅತ್ತೆ ಎಂದರೆ ನನ್ನ ಗಂಡನ ತಾಯಿ. ಮಾವ ಎಂದೋ ತೀರಿಕೊಂಡಿದ್ದರು; ಮಗನೂ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅತ್ತೆಗೆ ಐವತ್ತೊಂಬತ್ತು ವರ್ಷ, ಸ್ವಂತ ಹೊಲಿಗೆ ಅಂಗಡಿ. ದೇವರಿದ್ದಾನೆ ಎಂದು ಅವರು ನಂಬುವುದಿಲ್ಲ. ಅವನ ಮೇಲೆ ಕೋಪ ಮಾತ್ರ ಬೆಟ್ಟದಷ್ಟಿದೆ. ಮದುಮಗ ನಮ್ಮ ಪ್ರೆಸ್ಸಿನ ಬೈಂಡರು. ಬೆರಳಿಗೆ ಸದಾ ಅಂಟು ಮೆತ್ತಿರುವುದರಿಂದ ಎಲ್ಲರೂ ಗೋಂದಪ್ಪ ಎನ್ನುತ್ತಾರೆ. ಪುಸ್ತಕ ಹೊಲಿಯುವ ದಾರ ಬೇಕೆಂದು ಎಂಟು ವರ್ಷ ಅತ್ತೆಯ ಅಂಗಡಿಗೆ ಬಂದರು. ಅಷ್ಟು ದಾರದಲ್ಲಿ ಊರಿನ ಪುಸ್ತಕಗಳನ್ನೆಲ್ಲ ಎರಡೆರಡು ಸಲ ಹೊಲಿಯಬಹುದಿತ್ತು. ಮಹಾ ಭಕ್ತರು. ಸೂಜಿ ಮುರಿದರೂ ದೇವರ ಸೂಚನೆ ಎಂದು ಆ ದಿನದ ಕೆಲಸ ನಿಲ್ಲಿಸುವವರು. ಇದು ಕಣ್ಣಿಗೆ ಬಿದ್ದರೆ ಮದುವೆ ನಿಂತ ಹಾಗೆಯೇ.

ಅತ್ತೆಗೆ ಕಾರ್ಡು ಕೊಟ್ಟೆ. ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡೇ ಓದಿದರು. ಪಿನ್ನು ಹಾರಿ ಬೀಳುವಂತೆ ನಕ್ಕರು.

"ಇಷ್ಟು ಸತ್ಯ ಹೇಳೋ ಮದುವೆ ಕಾರ್ಡು ನಾನು ಕಂಡೇ ಇಲ್ಲ ಕಣೇ! ಮೊದಲ ಸಲ ಬಲ್ಲೆ ಬಲ್ಲೆ ಅಂದ್ಕೊಂಡೇ ಹೋಗಿದ್ದೆ. ಸಿಟ್ಟು ಬಂದ್ರೆ ನಿಮ್ಮ ಮಾವ ಊಟ ಬಿಡ್ತಾರೆ ಅಂತ ತಿಳಿಯೋಕೆ ಹತ್ತು ವರ್ಷ. ಬಿಡ್ತಿದ್ದಿದ್ದು ಸಿಟ್ಟಿಗಲ್ಲ, ನನ್ನ ಅಡುಗೆಗೆ ಹೆದರಿ ಅಂತ ತಿಳಿಯೋಕೆ ಇನ್ನೂ ಹತ್ತು!"

ಥಟ್ಟನೆ ನಗು ನಿಂತಿತು. "ಗೋಂದಪ್ಪನವರು ನೋಡಿದ್ರಾ?"

ನೋಂದಣಿ ಕಚೇರಿಯಲ್ಲಿ ಹತ್ತು ಗಂಟೆಗೆ ನಮ್ಮ ಸರದಿ. ಓಡಿದೆವು. ಮೆಟ್ಟಿಲ ಕೆಳಗೆ, ಜೆರಾಕ್ಸ್ ಅಂಗಡಿಯ ಪಕ್ಕ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೋಂದಪ್ಪ ನಿಂತಿದ್ದರು. ಕೈಯಲ್ಲಿ ಕಾರ್ಡು.

"ನಿನ್ನೆ ಸಂಜೆ ದೇವರ ಮುಂದೆ ಕೂತು ಕೇಳಿದೆ," ಎಂದರು. "ಈ ವಯಸ್ಸಲ್ಲಿ ಇದು ಬೇಕಾ, ಒಂದು ಮಾತು ಹೇಳಪ್ಪಾ ಅಂತ. ಎದ್ದು ಕಾರ್ಡು ತೆಗೆದೆ. ಹೇಳೇಬಿಟ್ಟಿದ್ದ."

"ತಪ್ಪು ನಂದು," ಎಂದೆ. "ಸರಿ ಅಂತ ಗುರುತು ಹಾಕಿದ್ದು ನಾನು."

"ನಿನ್ನ ಕೈಲಿ ಹಾಕಿಸಿದ್ದು ಯಾರಮ್ಮಾ?"



ಅತ್ತೆ ಮುಂದೆ ಬಂದರು. "ನನ್ನ ಮಗ ಆಸ್ಪತ್ರೇಲಿ ಮಲಗಿದ್ದಾಗ ಇದೇ ದೇವರನ್ನ ಕೇಳ್ದೆ. ಒಂದಕ್ಷರ ಹೇಳ್ಲಿಲ್ಲ. ಈಗ ಒಂದಕ್ಷರ ಬದಲಾಯಿಸೋಕೆ ಪುರುಸೊತ್ತಾಯ್ತಾ ಅವನಿಗೆ? ಬೇಡ ಅಂದ್ರೆ ಬೇಡ, ನಾನು ಮನೆಗೆ ಹೋಗ್ತೀನಿ. ಆದ್ರೆ ಅವನ ಹೆಸರು ಹೇಳ್ಬೇಡಿ. ನೀವು ಹೇಳಿ!"

"ನಾನೆಲ್ಲಿ ಬೇಡ ಅಂದೆ? ಅವನು ಅಂದ. ಅವನ ಮಾತು ಮೀರೋಣ ಅಂತ ಎಂಟು ಗಂಟೆಯಿಂದ ಇಲ್ಲಿ ನಿಂತಿದ್ದೀನಿ."

ಅತ್ತೆ ಅವರ ಕೈಯಲ್ಲಿದ್ದ ಕಾರ್ಡು ಕಿತ್ತುಕೊಂಡರು.

"ಇಷ್ಟು ವರ್ಷ ಅವನು ಹೇಳಿದ್ದೆಲ್ಲ ಕೇಳಿದೆ," ಎಂದರು ಗೋಂದಪ್ಪ. ಅವರ ಕಣ್ಣು ಹೊಳೆಯುತ್ತಿತ್ತು. "ನಿಜವಾಗ್ಲೂ ಇದ್ದಾನಾ ಅಂತ ಒಳಗೊಳಗೇ ಅನುಮಾನ ಇತ್ತು. ಇವತ್ತು ಮೀರೋಕೆ ಹೊರಟಾಗ ಕಾಲು ನಡುಗಿತು ನೋಡಿ, ಆಗ ನಂಬಿಕೆ ಗಟ್ಟಿಯಾಯ್ತು! ಇಲ್ಲದವನ ಮಾತು ಮೀರೋಕೆ ಯಾರಿಗಾದ್ರೂ ಕಾಲು ನಡುಗುತ್ತಾ?"

ಈಗ ಹೆದರಿದವರು ಅತ್ತೆ. "ಅಯ್ಯೋ, ಅವನ ಹತ್ರ ಜಗಳ ಮಾಡ್ಕೊಂಡು ನನ್ನ ಮನೆಗೆ ಬರಬೇಡಿ! ಅವನ ಜೊತೆ ಮಾತು ಬಿಟ್ಟವಳು ಮನೇಲಿ ನಾನೊಬ್ಬಳು ಸಾಕು. ಮೊದಲು ತಪ್ಪಾಯ್ತು ಅನ್ನಿ."

"ಯಾರಿಗೆ? ಅವನೇ ಇಲ್ಲ ಅಂತೀರಲ್ಲ!"

"ನನಗಿಲ್ಲ. ನಿಮಗಿದ್ದಾನಲ್ಲ! ಹೂಂ, ಕಣ್ಣು ಮುಚ್ಚಿ."

ಗೋಂದಪ್ಪ ಅಲ್ಲಿಯೇ ಕಣ್ಣು ಮುಚ್ಚಿದರು. ತುಟಿ ಅಲ್ಲಾಡತೊಡಗಿತು. ಮೇಲಿನ ಕಿಟಕಿಯಿಂದ ಗುಮಾಸ್ತ ನಮ್ಮ ಸರದಿ ಕೂಗಿದ. ತುಟಿ ನಿಲ್ಲಲಿಲ್ಲ.

"ಚಿಕ್ಕದಾಗಿ ಹೇಳ್ರೀ!" ಅತ್ತೆ ಪಿಸುಗುಟ್ಟಿದರು. "ಎಲ್ಲ ಗೊತ್ತಿರೋನಿಗೆ ಅಷ್ಟುದ್ದ ವಿವರ ಯಾಕೆ?"

ಗುಮಾಸ್ತ ಎರಡನೆಯ ಸಲ ಕೂಗಿದ. ಮೂರನೆಯ ಸಲಕ್ಕೂ ಹೋಗದಿದ್ದರೆ ಮುಂದಿನ ತಿಂಗಳೇ. ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ಆ ಅಭ್ಯಾಸ ತಪ್ಪಿ ಬಹಳ ದಿನವಾಗಿತ್ತು.

"ಮಾವಾ, ಬೇಗ ಬನ್ನಿ!" ಕಿರುಚಿದೆ.

ಗೋಂದಪ್ಪ ಕಣ್ಣು ಬಿಟ್ಟರು. ಅತ್ತೆ ನನ್ನತ್ತ ತಿರುಗಿದರು.

"ಯಾರನ್ನೇ ಕರೆದೆ?"

"ಅವರನ್ನೇ."

ಗೋಂದಪ್ಪ ಮತ್ತೆ ಕಣ್ಣು ಮುಚ್ಚಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದರು. ಅತ್ತೆ ಚಪ್ಪಲಿ ಕೈಗೆತ್ತಿಕೊಂಡು ಹಿಂದೆಯೇ ಓಡಿದರು.

"ರೀ, ನಿಲ್ರೀ! ನಾನಿಲ್ದೆ ಯಾರನ್ನ ಮದುವೆ ಆಗ್ತೀರಿ ಅಲ್ಲಿ!"