ಮೇಲಿನ ಹಗ್ಗದ ಹೆಣಿಗೆ

ಈಸ್ಟರ್ ರಜೆಯಲ್ಲಿ ನಮ್ಮ ಟಸಕ್ ಕಣಿವೆಯ ಸ್ಕೀ ಕ್ಲಬ್ಬಿನವರೆಲ್ಲ ಬೆಟ್ಟ ಹತ್ತುತ್ತೇವೆ. ಭೂಮಿಯ ಈ ದಕ್ಷಿಣದ ತುದಿಯಲ್ಲಿ ಈಸ್ಟರ್ ಬರುವುದು ಚಳಿಗಾಲಕ್ಕೆ ಮುಂಚೆ, ಆಗ ಅಲ್ಲಿ ಹಿಮದ ಒಂದು ಹರಳೂ ಇರುವುದಿಲ್ಲ. ಬೂದುಬಣ್ಣದ ಜಲ್ಲಿಗಲ್ಲಿನ ಇಳಿಜಾರು, ಒಣಗಿದ ಹುಲ್ಲು, ಗ್ರೀಸಿನ ಡಬ್ಬಗಳು ಮತ್ತು ಕಂಡದ್ದಕ್ಕೆಲ್ಲ ಕೊಕ್ಕು ಹಾಕುವ ಕೀ ಗಿಳಿಗಳು, ಅಷ್ಟೇ. ಸಂಬಳದ ಕೆಲಸದವರು ನಮ್ಮಲ್ಲಿ ಇಲ್ಲ. ಚಳಿಗಾಲದಲ್ಲಿ ಜಾರಬೇಕೆನ್ನುವವರು ಹಿಮ ಬೀಳುವ ಮೊದಲೇ ಬಂದು ರಾಟೆ ತೊಳೆಯಬೇಕು, ಕಂಬಕ್ಕೆ ಬಣ್ಣ ಬಳಿಯಬೇಕು, ತುಕ್ಕು ಉಜ್ಜಬೇಕು. ಹಲ್ಲಿನ ಡಾಕ್ಟರಿಗೂ ಅದೇ ನಿಯಮ, ಕುರಿಯ ಉಣ್ಣೆ ಕತ್ತರಿಸುವವರಿಗೂ ಅದೇ. ನನ್ನ ಪಾಲಿನದು ಕ್ಲಬ್ಬಿನ ಮನೆಯ ಅಡುಗೆ. ಒಲೆಯ ಮುಂದೆ ನಿಂತರೆ ಕಿಟಕಿಯಿಂದ ಮೇಲಿನ ಹಗ್ಗದ ದಾರಿ ಬುಡದಿಂದ ಶಿಖರದ ಭುಜದವರೆಗೂ ಕಾಣುತ್ತದೆ. ಸೂಪು ಕಲಕುತ್ತಲೇ ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಕಲ್ಲಿನ ಮರೆಯಲ್ಲಿ ಸಿಗರೇಟು ಸೇದುತ್ತಿದ್ದಾರೆ ಎಂದು ಹೇಳಬಲ್ಲೆ.

ಕುಳಿತು ಹೋಗುವ ಕುರ್ಚಿಗಳು ದೊಡ್ಡ ಬೆಟ್ಟಗಳಲ್ಲಿವೆ. ನಮ್ಮದು ಬರಿಯ ಉಕ್ಕಿನ ಹಗ್ಗ. ಬುಡದ ಗೂಡಿನಲ್ಲಿರುವ ಡೀಸೆಲ್ ಎಂಜಿನ್ನು ಅದನ್ನು ಎಳೆಯುತ್ತದೆ. ಹಗ್ಗ ಕಂಬದಿಂದ ಕಂಬಕ್ಕೆ ರಾಟೆಗಳ ಮೇಲೆ ಏರಿ, ತುದಿಯ ದೊಡ್ಡ ಚಕ್ರವನ್ನು ಸುತ್ತಿ ಇಳಿದು ಬರುತ್ತದೆ. ಸೊಂಟಕ್ಕೆ ಕಟ್ಟಿಕೊಂಡ ಇಕ್ಕಳವನ್ನು ಅದಕ್ಕೆ ಕಚ್ಚಿಸಿದರೆ ಹಗ್ಗ ಮನುಷ್ಯರನ್ನು ಬೆಟ್ಟಕ್ಕೆ ಎಳೆದೊಯ್ಯುತ್ತದೆ. ಆರು ವರ್ಷದ ಮಕ್ಕಳೂ ಹಾಗೆಯೇ ಹೋಗುತ್ತವೆ.

ಇಂಥ ಹಗ್ಗ ನಮ್ಮಲ್ಲಿ ಎರಡು, ಕೆಳಗಿನದು ಮತ್ತು ಮೇಲಿನದು. ಆ ವರ್ಷ ಮೇಲಿನ ಹಗ್ಗ ಹೊಸದು. ಹೊಸ ಹಗ್ಗಕ್ಕೆ ಎರಡು ತುದಿ ಇರುತ್ತದೆ, ನಮಗೆ ಬೇಕಾದದ್ದು ತುದಿಯೇ ಇಲ್ಲದ ಒಂದು ಬಳೆ. ಗಂಟು ಹಾಕುವಂತಿಲ್ಲ, ಕೊಂಡಿ ಹಾಕುವಂತಿಲ್ಲ, ಏಕೆಂದರೆ ಅದು ರಾಟೆಗೆ ಸಿಕ್ಕಿ ಹಾರಿಬೀಳುತ್ತದೆ. ಎರಡು ತುದಿಗಳ ಎಳೆಗಳನ್ನೂ ಉದ್ದಕ್ಕೆ ಬಿಚ್ಚಿ, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತ, ಕೊನೆಗಳನ್ನು ಹಗ್ಗದ ಹೊಟ್ಟೆಯೊಳಗೇ ಬಚ್ಚಿಟ್ಟು ಹೆಣೆಯಬೇಕು. ಲಿಂಡ್ಸೆ ಗಾಥಾರ್ಪ್ ತಲೆ ಕಪ್ಪಗಿದ್ದಾಗಿನಿಂದ ಈ ಹೆಣಿಗೆ ಮಾಡಿಕೊಂಡು ಬಂದವನು. ಈಗ ಅವನ ಕಣ್ಣಿಗೆ ಮಂಜು ಕವಿದಿದೆ. "ಇನ್ಮೇಲೆ ಬ್ರೈಯನಿ ಮಾಡ್ತಾಳೆ" ಎಂದು ಅವನು ಕ್ಲಬ್ಬಿನ ಸಭೆಯಲ್ಲಿ ಹೇಳಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬ್ರೈಯನಿ ನನ್ನ ಮಗಳು. ವಾರವಿಡೀ ಶಾಲೆಯ ಬಸ್ಸು ಓಡಿಸುತ್ತಾಳೆ. ಎರಡು ಚಳಿಗಾಲ ಲಿಂಡ್ಸೆಯ ಗ್ಯಾರೇಜಿನಲ್ಲಿ ಹಳೆ ಹಗ್ಗದ ತುಂಡುಗಳ ಮೇಲೆ ಕೈ ಪಳಗಿಸಿಕೊಂಡಿದ್ದಳು. ಆದರೆ ಬೆಟ್ಟದ ಮೇಲೆ, ಓಡುವ ಹಗ್ಗಕ್ಕೆ, ಒಂದು ಹೆಣಿಗೆಯನ್ನೂ ಹಾಕಿರಲಿಲ್ಲ.

"ಈ ಒಂದ್ಸಲ ನೋಡೋಣ" ಎಂದಿದ್ದ ಕ್ಲಬ್ಬಿನ ಅಧ್ಯಕ್ಷ ಡೆಸ್. "ಸೋಮವಾರ ಹಗ್ಗದ ತಪಾಸಣೆಗೆ ಇನ್ಸ್‌ಪೆಕ್ಟರ್ ತಾಮತಿ ಬರ್ತಾನೆ. ಹಿಮಕ್ಕೆ ಮುಂಚೆ ಅವನು ಈ ಕಣಿವೆಗೆ ಬರೋದು ಅದೊಂದೇ ದಿನ. ಅವನ ಎದುರು ಹಗ್ಗ ಓಡಿದ್ರೆ ಸರಿ. ಓಡ್ಲಿಲ್ಲ ಅಂದ್ರೆ ಈ ಚಳಿಗಾಲ ಮೇಲಿನ ಹಗ್ಗ ಬಂದ್. ಆಮೇಲೆ ಪೇಟೆಯಿಂದ ಯಾರನ್ನಾದ್ರೂ ಗೊತ್ತು ಮಾಡ್ಕೊಳ್ಳೋದು."

ಮನೆಗೆ ಬಂದ ಮೇಲೆ ಬ್ರೈಯನಿ ನನಗೆ ಹೇಳಿದ್ದು ಒಂದೇ ಮಾತು. "ನಂಗೆ ಈ ಕೆಲಸ ಬೇಕು ಅಮ್ಮ."

ಶನಿವಾರ ಬೆಳಗ್ಗೆ ಗಾಳಿ ಇರಲಿಲ್ಲ. ಹಿಂದಿನ ದಿನವೇ ಕ್ಲಬ್ಬಿನವರು ಹಗ್ಗವನ್ನು ಕಂಬಗಳ ಬುಡದುದ್ದಕ್ಕೂ ಎಳೆದು ಮಲಗಿಸಿದ್ದರು. ಲಿಂಡ್ಸೆ ಕೋಲೂರಿಕೊಂಡು ದಾರಿಯುದ್ದಕ್ಕೂ ನಡೆದು ನೋಡಿ, "ಎಲ್ಲ ಸರಿಯಾಗಿದೆ, ಶುರು ಮಾಡು" ಎಂದಿದ್ದ. ಬುಡದ ಸಮತಟ್ಟಿನಲ್ಲಿ ಹಲಗೆ ಹಾಸಿ ಬ್ರೈಯನಿ ಮಂಡಿಯೂರಿದಳು. ಗೋಣಿ ಹೊಲಿಯುವ ದಬ್ಬಳದಂಥದೇ, ಆದರೆ ಮೊಣಕೈಯುದ್ದದ ಉಕ್ಕಿನ ದಬ್ಬಳವನ್ನು ಎಳೆಗಳ ನಡುವೆ ತೂರಿಸಿ, ತಿರುಚಿ, ಬಾಯಿ ಬಿಡಿಸಿ, ನಡುವಿನ ನಾರಿನ ತಿರುಳನ್ನು ಎಳೆದು ತೆಗೆದು, ಅದೇ ಜಾಗಕ್ಕೆ ಉಕ್ಕಿನ ಎಳೆಯನ್ನು ಸೇರಿಸುತ್ತ ಹೋದಳು. ನಾನು ಸ್ಕೋನ್ ಬನ್ನುಗಳ ತಟ್ಟೆ ಹಿಡಿದು ಹೋದಾಗ ತಲೆ ಎತ್ತಲಿಲ್ಲ. ಬಾಯಿ ತೆರೆದಳು, ನಾನು ಒಂದು ತುಂಡು ಇಟ್ಟೆ. ಚಿಕ್ಕವಳಿದ್ದಾಗಲೂ ಚಿತ್ರ ಬರೆಯುವಾಗ ಹೀಗೆಯೇ ತಿನ್ನುತ್ತಿದ್ದಳು.

"ಅಮ್ಮನ ಕೈತುತ್ತು ತಿನ್ನೋ ಹಗ್ಗದ ಮೇಸ್ತ್ರೀನ ಇವತ್ತೇ ನೋಡಿದ್ದು" ಎಂದ ಡೆಸ್.

"ನಿಂಗೂ ಬೇಕಾದ್ರೆ ಬಾಯಿ ತೆಗಿ. ಗ್ರೀಸ್ ಇದೆ, ಹಾಕ್ತೀನಿ" ಎಂದಳು ಅವಳು, ದಬ್ಬಳದಿಂದ ಕಣ್ಣು ಕೀಳದೆ.

ಮಧ್ಯಾಹ್ನ ಕಳೆದ ಮೇಲೆ ಮುಗಿಯಿತು. ಲಿಂಡ್ಸೆ ಕೈಗವಸು ಕಳಚಿ ಬರಿಬೆರಳಿನಿಂದ ಹೆಣಿಗೆಯುದ್ದಕ್ಕೂ ಸವರಿದ. ಹೋದವನು ತಿರುಗಿ ಬಂದ. "ಎಲ್ಲೇ ಶುರುವಾಗತ್ತೆ ಇದು?" ಎಂದ. ಬ್ರೈಯನಿಯ ಕಿವಿ ಕೆಂಪಾಯಿತು. ಲಿಂಡ್ಸೆ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರಿಗೂ ಕೊಟ್ಟದ್ದಿಲ್ಲ.

ಆಮೇಲೆ ಹಗ್ಗವನ್ನು ಒಂದೊಂದೇ ಕಂಬದ ರಾಟೆಗೆ ಎತ್ತಿ ಕೂರಿಸುತ್ತ ಎಲ್ಲರೂ ಮೇಲೇರಿದರು. ನಾನು ಕಿಟಕಿಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ಇಳಿಜಾರಿನ ನಡುವೆ, ಜಲ್ಲಿ ಸಡಿಲವಾಗಿರುವ ಕಡೆ ಒಂದು ಓರೆ ಕಂಬವಿದೆ. ಅದು ಮಗುಚದಂತೆ ದಪ್ಪ ತಂತಿಯಿಂದ ಬಂಡೆಗೆ ಎಳೆದು ಬಿಗಿದಿದ್ದಾರೆ. ಅಲ್ಲಿಗೆ ಮುಟ್ಟಿದವರು ಎಲ್ಲರೂ ಒಮ್ಮೆಗೇ ನಿಂತರು. ಯಾರೂ ಕೈ ಆಡಿಸುತ್ತಿರಲಿಲ್ಲ. ನಾನು ಚಾಕು ಕೆಳಗಿಟ್ಟು ಹೊರಗೆ ಓಡಿದೆ.

ಹೊಸ ಹಗ್ಗ ಆ ಬಿಗಿತಂತಿಯ ಹೊರಗೆ ಹೋಗಬೇಕಿತ್ತು. ಎಳೆಯುವಾಗ ಅದು ತಂತಿಗೂ ಕಂಬಕ್ಕೂ ನಡುವೆ, ಒಳಗಡೆ ತೂರಿಹೋಗಿತ್ತು. ಬೂದು ಕಲ್ಲಿನ ಮೇಲೆ ಬೂದು ಉಕ್ಕು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತುದಿಗಳಿದ್ದಾಗ ಎಳೆದುಕೊಂಡರೆ ಮುಗಿಯುತ್ತಿತ್ತು. ಈಗ ಅದು ಬಳೆ. ಬಾಗಿಲ ಹಿಡಿಯೊಳಗೆ ದಾರ ತೂರಿಸಿ, ಎರಡು ತುದಿ ಸೇರಿಸಿ ಗಂಟು ಹಾಕಿದ ಮೇಲೆ ದಾರವನ್ನು ಹೊರಗೆ ತೆಗೆ ಎಂದರೆ ಹೇಗೆ?

ಮೊದಲು ಬಾಯಿಬಿಟ್ಟದ್ದು ಡೆಸ್. "ಆಚೆ ಕಣಿವೆಯವರು ಹೀಗೇ ಮಾಡಿದ್ರು ನೋಡು. ಹಗ್ಗದ ಬಳೆಗೆ ಟ್ರಾಕ್ಟರ್ ಸಿಕ್ಕಿಸಿ ಹೆಣೆದುಬಿಟ್ಟಿದ್ರು."

"ಆ ಕತೆ ಹೇಳ್ಕೊಂಡು ನಾವು ಎಷ್ಟು ವರ್ಷ ನಕ್ಕಿದ್ದೀವಿ" ಎಂದರು ಇನ್ಯಾರೋ.

"ಇನ್ಮೇಲೆ ಅವರ ಸರದಿ."

ಲಿಂಡ್ಸೆ ನಗಲಿಲ್ಲ. ಕೋಲು ಕೆಳಗೆ ಬಿಟ್ಟು ಬಿಗಿತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಾನೇ ಅಲ್ವಾ ನೋಡಿದ್ದು. ಸರಿಯಾಗಿದೆ ಅಂತ ಹೇಳಿದ್ದು ನಾನೇ."

"ಹೆಣೆಯೋಳು ನಾನು" ಎಂದಳು ಬ್ರೈಯನಿ. "ಶುರು ಮಾಡೋ ಮುಂಚೆ ಹೆಣೆಯೋರೇ ದಾರಿ ನಡೀಬೇಕು ಅಂತ ನೀನೇ ಹೇಳ್ಕೊಟ್ಟಿದ್ದು. ನಾನು ನಡೀಲಿಲ್ಲ. ಆತುರ ಇತ್ತು ನಂಗೆ."

ಡೆಸ್ ಬಿಗಿತಂತಿಯ ತುದಿಯ ಬೋಲ್ಟನ್ನು ನೋಡಿ ಬಂದ. "ಇಷ್ಟಕ್ಕೆಲ್ಲ ತಲೆ ಯಾಕೆ ಕೆಡಿಸ್ಕೋತೀರಾ? ಮಣ್ಣು ಅಗೆಯೋ ಡಿಗ್ಗರ್ ತಂದು ಅದರ ತೋಳಿಂದ ಕಂಬ ಹಿಡ್ಕೊಳ್ಳೋಣ. ಈ ಬೋಲ್ಟ್ ಬಿಚ್ಚಿ, ಹಗ್ಗ ಆಚೆ ದಾಟಿಸಿ, ಮತ್ತೆ ಬಿಗಿದ್ರೆ ಆಯ್ತಪ್ಪ. ಊಟದ ಹೊತ್ತಿಗೆ ಕೆಲಸ ಮುಗಿದಿರತ್ತೆ. ಯಾರಿಗೂ ಗೊತ್ತಾಗಲ್ಲ."

ಎಲ್ಲರ ಮುಖವೂ ಸಡಿಲವಾಯಿತು. ಸುಳ್ಳೇಕೆ, ನನ್ನದೂ ಆಯಿತು. ಆ ಹೆಣಿಗೆ ಉಳಿಯಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಬ್ರೈಯನಿ ಮಾತ್ರ ಕಂಬದ ಬುಡಕ್ಕೆ ಕೂತು, ಕಾಂಕ್ರೀಟಿನ ಸುತ್ತಲಿನ ಜಲ್ಲಿಯನ್ನು ಕೈಯಿಂದ ಸರಿಸಿ ನೋಡಿದಳು.

"ಈ ಕಂಬ ನಿಂತಿರೋದೇ ಈ ತಂತಿ ಎಳೆತದಲ್ಲಿ, ಡೆಸ್. ಒಂದ್ಸಲ ಬಿಟ್ರೆ ಅದು ಎಷ್ಟು ವಾಲತ್ತೆ, ಮತ್ತೆ ಅದೇ ಜಾಗಕ್ಕೆ ಬರತ್ತಾ, ನಿಂಗೆ ಗೊತ್ತಾ? ನಂಗೆ ಗೊತ್ತಿಲ್ಲ. ಇದರ ಕೆಳಗೆ ಮಕ್ಕಳು ಹೋಗ್ತವೆ."

"ಹಾಗಾದ್ರೆ?"

"ಹೆಣಿಗೆ ಕತ್ತರಿಸ್ತೀನಿ."

"ಹುಚ್ಚು ಗಿಚ್ಚು ಹಿಡೀತೇನೆ? ಹೆಣಿಗೆಯಷ್ಟುದ್ದ ಹಗ್ಗ ಹಾಳಾಗತ್ತೆ, ಹೆಚ್ಚಿಗೆ ಇದ್ದದ್ದನ್ನ ಆಗ್ಲೇ ಕತ್ತರಿಸಿ ಹಾಕಿದ್ದೀವಿ. ತುದಿ ಚಕ್ರಾನ ಕೆಳಗೆ ಜರುಗಿಸಿದ್ರೂ ಇನ್ನೊಂದೇ ಹೆಣಿಗೆಗೆ ಸಾಲೋದು. ಅದೂ ಕೆಟ್ರೆ?"

"ಕೆಟ್ರೆ ಪೇಟೆಯವರನ್ನ ಕರೆಸ್ಕೋ. ನಾನೇ ಫೋನ್ ಮಾಡಿಕೊಡ್ತೀನಿ."

ಉಕ್ಕು ಕತ್ತರಿಸುವ ಗ್ರೈಂಡರಿನ ಕಿಡಿಗಳು ಹಾರಿದಾಗ ನಾನು ನೋಡಲಾರದೆ ಒಲೆಯ ಹತ್ತಿರ ಬಂದುಬಿಟ್ಟೆ. ಆ ಸಂಜೆ ಅವಳು ಎರಡು ತಟ್ಟೆ ಕುರಿಮಾಂಸ ತಿಂದಳು. ಎರಡನೆಯದು ನನ್ನ ಪಾಲಿನದು.

ಭಾನುವಾರ ವಾಯವ್ಯದ ಗಾಳಿ ಎದ್ದಿತು. ಹಲಗೆ ನಿಲ್ಲದ ಗಾಳಿಯಲ್ಲಿ ಹೆಣೆಯುವ ಮಾತೇ ಇಲ್ಲ. ಬ್ರೈಯನಿ ಲಿಂಡ್ಸೆಯ ಬಾಗಿಲು ತಟ್ಟಿದಳು.

"ಏಳು ಮುದುಕಪ್ಪ. ದಾರಿ ನಡೆಯೋದಿದೆ."

"ನನ್ನ ಕಣ್ಣು ನಂಬ್ಕೊಂಡು ಇನ್ನೊಂದ್ಸಲ ಹೋಗ್ತೀಯಾ?"

"ಕಣ್ಣಿಗೆ ನಾನಿದ್ದೀನಿ. ನಿನ್ನ ಕೈ ತಗೊಂಡು ಬಾ."

ಇಬ್ಬರೂ ಹೊರಟರು. ತುದಿಗಳು ಬಿಡಿಯಾದ ಮೇಲೆ ಹಗ್ಗವನ್ನು ಬಿಗಿತಂತಿಯ ಹೊರಗೆ ಎಳೆದು ಮಲಗಿಸಿ ಆಗಿತ್ತು. ಈಗ ಬುಡದಿಂದ ತುದಿಯವರೆಗೆ ಅವಳು ಪ್ರತಿಯೊಂದು ಕಂಬದ ಸುತ್ತ ಬಂದಳು. ಅವನು ಬಗ್ಗಿ ಹಗ್ಗದ ಮೇಲೆ ಅಂಗೈ ಇಟ್ಟುಕೊಂಡೇ ಹೆಜ್ಜೆ ಹಾಕಿದ. ಗಾಳಿ ತಳ್ಳಿದಾಗೆಲ್ಲ ಕುಳಿತು, ಅದು ಇಳಿದಾಗ ಎದ್ದು ಮುಂದೆ ಹೋಗುತ್ತಿದ್ದರು. ಒಂದು ಕಡೆ ಅವನು ಅವಳನ್ನು ಕೂಗಿ ನಿಲ್ಲಿಸಿದ್ದು ಕಂಡಿತು. ಜಲ್ಲಿಯ ಕೆಳಗೆ ಹಗ್ಗ ಸಣ್ಣದಾಗಿ ಸುರುಳಿ ಸುತ್ತಿಕೊಂಡಿತ್ತಂತೆ. ಹಾಗೆಯೇ ಬಿಗಿದಿದ್ದರೆ ಅಲ್ಲಿ ಹಗ್ಗ ಮುರಿದುಕೊಳ್ಳುತ್ತಿತ್ತು. ಅವಳಿಗೆ ಕಂಡಿರಲಿಲ್ಲ. ಅವನ ಅಂಗೈಗೆ ಸಿಕ್ಕಿತು.

ಸೋಮವಾರ ಗಾಳಿ ತುಸು ತಗ್ಗಿತ್ತು, ಬೆಳಕು ಹರಿಯುವಾಗಲೇ ಅವಳು ಹಲಗೆಯ ಮೇಲಿದ್ದಳು. ಬೆರಳುಗಳಿಗೆ ಟೇಪು ಸುತ್ತಿಕೊಂಡಿದ್ದಳು. ಮೊದಲ ದಿನದ ಹೆಣಿಗೆಯಲ್ಲಿ ಉಕ್ಕಿನ ತಂತಿಗಳು ಅವನ್ನು ಅಲ್ಲಲ್ಲಿ ಸೀಳಿದ್ದವು. ತಾಮತಿಯ ಗಾಡಿ ಬಂದಾಗ ಇನ್ನೂ ಅರ್ಧದಷ್ಟು ಎಳೆಗಳು ಹೊರಗಿದ್ದವು. ಅವನು ದೊಡ್ಡ ಮೈಯ, ಮೆಲ್ಲಗೆ ಮಾತಾಡುವ ಮನುಷ್ಯ. ಡೆಸ್ ಏನೋ ಹೇಳಲು ಹೋಗಿ ತಡವರಿಸಿದ. ಬ್ರೈಯನಿ ತಾನೇ ಹೇಳಿದಳು.

"ತಪ್ಪು ಮಾಡಿದ್ವಿ ತಾಮತಿ. ಬಿಗಿತಂತಿ ಒಳಗಡೆ ಸೇರಿಸಿ ಹೆಣೆದಿದ್ದೆ. ಕತ್ತರಿಸಿ ಮತ್ತೆ ಹಾಕ್ತಾ ಇದ್ದೀನಿ. ಕಾಯ್ತೀಯಾ, ಹೋಗ್ತೀಯಾ?"

ತಾಮತಿ ಓರೆ ಕಂಬದ ಕಡೆ ನೋಡಿದ. "ಆ ತಂತಿ ಮುಟ್ಟಿದ್ರಾ?"

"ಇಲ್ಲ."

"ಮುಟ್ಟಿದ್ರೆ ಇವತ್ತು ಮೇಲಿನ ಹಗ್ಗಕ್ಕೆ ಬೀಗ ಹಾಕಿ ಹೋಗ್ತಿದ್ದೆ" ಎಂದು ಅವನು ಕಲ್ಲಿನ ಮೇಲೆ ಕುಳಿತುಕೊಂಡ. "ಸಂಜೆಗೆ ಇನ್ನೊಂದು ಕಣಿವೆಗೆ ಹೋಗ್ಬೇಕು. ಅಲ್ಲೀವರೆಗೂ ಇರ್ತೀನಿ. ಚಹಾ ಸಿಗತ್ತಾ?"

ನಾನು ಕೆಟಲ್ ಹೊತ್ತು ಬರುವುದು, ಹೋಗುವುದು. ಸಾಧಾರಣವಾಗಿ ಕೀ ಗಿಳಿಗಳಿಗಿಂತ ಹೆಚ್ಚು ಗಲಾಟೆ ಮಾಡುವ ನಮ್ಮ ಕ್ಲಬ್ಬಿನವರು ಅಂದು ಪಿಸುಮಾತಿನಲ್ಲಿದ್ದರು. ಡೆಸ್ ತನ್ನ ಜಾಕೆಟ್ಟನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಅವಳಿಗೆ ಗಾಳಿ ತಾಗದಂತೆ ನಿಂತಿದ್ದ. ತೋಳು ನೋಯುತ್ತಿತ್ತೋ ಏನೋ, ಇಳಿಸಲಿಲ್ಲ. ಲಿಂಡ್ಸೆ ಅವಳ ಎದುರಿಗೆ ಮಂಡಿಯೂರಿ ಹಗ್ಗವನ್ನು ತಿರುಚಿ ಹಿಡಿದಿದ್ದ. ಅವಳು "ಬಿಡು" ಎಂದಾಗ ಬಿಡುತ್ತಿದ್ದ, "ಹಿಡಿ" ಎಂದಾಗ ಹಿಡಿಯುತ್ತಿದ್ದ. ಇಷ್ಟು ವರ್ಷ ಇನ್ನೊಬ್ಬರಿಗೆ ಹಾಗೆ ಹೇಳಿಕೊಂಡು ಬಂದವನು ಅವನು. ನೋಡುತ್ತ ನನಗೆ ಇಬ್ಬರ ಮೇಲೂ ಎಷ್ಟು ಪ್ರೀತಿ ಬಂತೆಂದರೆ, ಚಹಾಕ್ಕೆ ಸಕ್ಕರೆ ಹಾಕಿದೆನೋ ಇಲ್ಲವೋ ಮರೆತೇಹೋಯಿತು. ತಾಮತಿ ಸುಮ್ಮನೆ ಕುಡಿದ.

ಕೊನೆಯ ಎಳೆ ಒಳಗೆ ಹೋಯಿತು. ಹಗ್ಗವನ್ನು ರಾಟೆಗಳಿಗೆ ಎತ್ತಿದರು. ಓರೆ ಕಂಬದಲ್ಲಿ ಅದು ಹೊರಗಡೆಯೇ ಬಂದು ಕೂತಿತು. ತುದಿಯ ಚಕ್ರ ಎಳೆದು ಬಿಗಿ ಕೊಟ್ಟರು. ಡೆಸ್ ಎಂಜಿನ್ ಗೂಡಿಗೆ ಹೋದ.

"ಹೆಣಿಗೆ ಎಲ್ಲಿದೆ ತೋರ್ಸು. ರಾಟೆ ದಾಟೋವಾಗ ನೋಡ್ಬೇಕು" ಎಂದ ತಾಮತಿ.

"ಎಂಜಿನ್ ಗೂಡಿಂದ ಮೊದಲನೇ ಕಂಬಕ್ಕೆ ಮುಂಚೆ" ಎಂದಳು ಬ್ರೈಯನಿ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು.

ಎಂಜಿನ್ನು ಕೆಮ್ಮಿ ಹೊತ್ತಿಕೊಂಡಿತು. ಹಗ್ಗ ನಡುಗಿತು, ಜರುಗಿತು, ಮೆಲ್ಲಗೆ ಓಡತೊಡಗಿತು. ತಾಮತಿ ಮೊದಲ ಕಂಬದ ರಾಟೆಯ ಮಟ್ಟಕ್ಕೆ ಮುಖ ತಂದು ನಿಂತ. ನಾವೆಲ್ಲ ಅವನ ಹಿಂದೆ ಕೊರಳು ಚಾಚಿದೆವು. ರಾಟೆ ಒಂದೇ ಸಮನೆ ಗುಯ್‌ಗುಡುತ್ತಿತ್ತು. ದನಿ ಏರಲಿಲ್ಲ, ತಡವರಿಸಲಿಲ್ಲ. ಡೆಸ್ ವೇಗ ಹೆಚ್ಚಿಸಿದ. ನಾನು ಕಣ್ಣು ಮಿಟುಕಿಸದೆ ಕಾದೆ. ಈಗ ಬರುತ್ತದೆ, ಈಗ ಉಬ್ಬು ಕಾಣುತ್ತದೆ, ಈಗ ರಾಟೆ ಕುಪ್ಪಳಿಸುತ್ತದೆ ಎಂದು ರಾಟೆಯನ್ನೇ ದಿಟ್ಟಿಸಿದೆ.

"ಯಾವಾಗಮ್ಮ ಬರೋದು ನಿನ್ನ ಹೆಣಿಗೆ?" ಎಂದ ತಾಮತಿ, ರಾಟೆಯಿಂದ ಕಣ್ಣು ತೆಗೆಯದೆ.

ಉತ್ತರ ಕೊಟ್ಟದ್ದು ಲಿಂಡ್ಸೆ. ಅವನು ನಮ್ಮಿಂದ ತುಸು ದೂರ, ಕಲ್ಲಿನ ಮೇಲೆ ಕುಳಿತು, ಮುಂದಿನ ಕಂಬಕ್ಕೆ ಬೆನ್ನೊರಗಿಸಿ ಅಂಗೈಯನ್ನು ಅದರ ಮೇಲಿಟ್ಟುಕೊಂಡಿದ್ದ. ಕಣ್ಣು ಮುಚ್ಚಿತ್ತು.

"ಆಗ್ಲೇ ಎರಡ್ಸಲ ಹೋಯ್ತಲ್ಲಯ್ಯ" ಎಂದ. "ನಿಂಗೂ ಕಾಣ್ಲಿಲ್ವಾ?"