ಸೊಸೆ ಬಿಚ್ಚಿದ ಕಿವಿ ಮಷೀನು

ನನ್ನ ಸೊಸೆ ಶಿವಗಂಗಾಳ ಕೈಗೆ ಸಿಕ್ಕ ಯಾವ ಸಾಮಾನೂ ಇಡಿಯಾಗಿ ಉಳಿದದ್ದಿಲ್ಲ. ಕೆಟ್ಟ ಮಿಕ್ಸರ್, ಹಳೆಯ ರೇಡಿಯೋ, ಟಿವಿ ರಿಮೋಟು, ಎಲ್ಲದರ ಹೊಟ್ಟೆ ಬಗೆದು, ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು, ಮತ್ತೇನೋ ಮಾಡಿ ಮುಚ್ಚುತ್ತಾಳೆ. ನಮ್ಮ ಮನೆಯ ಫ್ಯಾನು ಈಗ ಟಿವಿ ರಿಮೋಟಿಗೆ ತಿರುಗುತ್ತದೆ. ನಮ್ಮೂರು ನರೋಣಾದ ಉಳಿದ ಸೊಸೆಯಂದಿರು ಬಿಡುವಾದಾಗ ಕೌದಿ ಹೊಲಿಯುತ್ತಾರೆ, ನಮ್ಮವಳು ಬೆಸುಗೆ ಹಾಕುತ್ತಾಳೆ.

ಹೋದ ತಿಂಗಳು ನನ್ನ ಕಿವಿ ಮಷೀನನ್ನೂ ಬಿಚ್ಚಿದಳು. ಐದು ವರ್ಷದಿಂದ ಅದು ಕಿವಿಗಿಟ್ಟರೆ ಸಾಕು, ಸೀಟಿ ಹೊಡೆಯುತ್ತಿತ್ತು. ಡಬ್ಬಿಯಲ್ಲೇ ಬಿದ್ದಿತ್ತು. ಮೂರು ದಿನ ಭೂತಗನ್ನಡಿ ಹಿಡಿದು ಕೂತು, ಏನೋ ತೆಗೆದು ಏನೋ ಕೂರಿಸಿ, "ಈಗ ಹಾಕ್ಕೊಂಡು ನೋಡ್ರಿ ಅತ್ತಿ" ಎಂದು ಕೂಗಿದಳು. ಸೀಟಿ ನಿಂತಿತ್ತು. ಅಂಗಳದ ಗುಬ್ಬಿ ಕೇಳಿಸಿತು. ಆಳಂದದ ಬಸ್ಸು ಊರ ಹೊರಗೆ ಗೇರು ಬದಲಿಸಿದ್ದೂ ಕೇಳಿಸಿತು. ಅವತ್ತು ಖುಷಿಗೆ ಕಣ್ಣೀರು ಹಾಕಿದೆ, ಸುಳ್ಳು ಯಾಕೆ ಹೇಳಲಿ.

ಎಂಟು ದಿನಕ್ಕೇ ಅನುಮಾನ ಶುರುವಾಯಿತು. ಎಲ್ಲ ಕೇಳಿಸುತ್ತಿತ್ತು, ನನಗೇ ಅಂತ ಹೇಳಿದ್ದೂ ಕೇಳಿಸುತ್ತಿತ್ತು, ಮನೆಯವರು ತಮ್ಮೊಳಗೆ ಆಡುವ ಮಾತು ಮಾತ್ರ ಇಲ್ಲ. ಮೊದಲು ಅವಳೂ ನನ್ನ ಮಗ ಸಿದ್ದರಾಮೇಶನೂ ನನ್ನ ಎದುರೇ ಕೂತು ತಾಸುಗಟ್ಟಲೆ ಹರಟುತ್ತಿದ್ದರು. ಕೇಳದಿದ್ದರೂ ಆ ನಗು ಕಾಣುತ್ತಿತ್ತು. ಈಗ ಅಡುಗೆಮನೆಯ ಹತ್ತಿರ ಹೋದರೆ ರೊಟ್ಟಿ ಬಡಿಯುವ ಸಪ್ಪಳವಷ್ಟೇ. ಅಂಗಳದಿಂದ ನೋಡಿದರೆ ತುಟಿ ಅಲ್ಲಾಡುತ್ತವೆ, ದನಿಯಿಲ್ಲ. ಇವಳು ಜರಡಿ ಹಿಡಿದ ಹಾಗೆ ತಮ್ಮಿಬ್ಬರ ನಡುವಿನ ಮಾತನ್ನು ಸೋಸಿ ತೆಗೆದಿದ್ದಾಳೆ ಅಂದುಕೊಂಡೆ. ರಿಮೋಟಿನಿಂದ ಫ್ಯಾನು ತಿರುಗಿಸುವವಳಿಗೆ ಇದೇನು ದೊಡ್ಡದು?

ಚಹಾದ ಹೊತ್ತಿಗೆ ಮಗನ ಎದುರೇ ಕೇಳಿಬಿಟ್ಟೆ.

"ಹಂಗ ಮಾಡಾಕ ಬರಂಗಿಲ್ರಿ ಅತ್ತಿ," ಅಂದಳು ಶಿವಗಂಗಾ, ನೆಲ ನೋಡುತ್ತ.

"ಮತ್ತ ನೆಲ ಯಾಕ ನೋಡ್ತಿ?"

ಅವಳು ಎದ್ದು ಖಾಲಿ ಕಪ್ಪುಗಳನ್ನು ಎತ್ತಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಆಳಂದದಾಗ ತೋರಸ್ತೇನಿ. ನನ್ನ ಮಾತು ಖರೆ ಆದ್ರ ನಿನ್ನ ಆ ಸಾಮಾನಿನ ಪೆಟಿಗಿ ಗುಜರಿಗೆ. ಮತ್ತ ಈ ಮನ್ಯಾಗ ಏನೂ ಬಿಚ್ಚಂಗಿಲ್ಲ."

"ಆತು ಬಿಡವ್ವ," ಅಂದ ಸಿದ್ದರಾಮೇಶ. ಶಿವಗಂಗಾಳ ಮುಖ ಬಾಡಿತು. ಆ ಪೆಟ್ಟಿಗೆಯಲ್ಲಿ ಅವಳು ತವರಿನಿಂದ ತಂದ ನೋಟ್‌ಬುಕ್ಕುಗಳೆಲ್ಲ ಇದ್ದವು. ನನಗೆ ಮರುಕ ಬರಲಿಲ್ಲ.

ಬಸ್ಸಿನಲ್ಲಿ ಹಿಂದಿನ ಸೀಟಿನ ಹೆಂಗಸರ ಚಾಡಿ ಒಂದಕ್ಷರ ಬಿಡದೆ ಕೇಳಿಸಿತು. ಅಪರಿಚಿತರ ದನಿಯನ್ನು ಸೋಸದೆ ಬಿಟ್ಟಿದ್ದಾಳೆ, ಚಾಲಾಕಿ, ಅಂದುಕೊಂಡೆ.

ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ಮುರ್ತುಜಾನ ರಿಪೇರಿ ಅಂಗಡಿ. ಅವನು ಮಷೀನು ಬಿಚ್ಚಿ, ಕಣ್ಣಿಗೆ ಗಾಜು ಸಿಕ್ಕಿಸಿ, ಬಹಳ ಹೊತ್ತು ನೋಡಿದ.

"ಇದು ಯಾರು ಮಾಡ್ಯಾರ್ರಿ ಯವ್ವಾ? ಏನ್ ಸಾಫ್ ಕೈ ಅದ!" ನನ್ನ ಕಿವಿಯ ಹತ್ತಿರ ಬಂದು ಕೂಗಿದ.

"ಕೈ ಬಿಡು, ಕರಾಮತ್ತು ಏನದ ಹೇಳು."

ಮುಚ್ಚಿ ನನ್ನ ಕಿವಿಗೆ ಹಾಕಿಸಿದ. ಆಮೇಲೆ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ, ಮೆಲ್ಲಗೆ ಅಂದ: "ಈ ಯವ್ವಗ ಭಾಳ ಸಂಶಯ ಅದ."

"ಯಾರಿಗಲೇ ಸಂಶಯ?" ಅಂದೆ.

ಅವನು ನಕ್ಕುಬಿಟ್ಟ. "ಮಷೀನ್ ಠೀಕ್ ಅದರಿ. ಯಾರ ದನೀನೂ ತಗದಿಲ್ಲ, ತಗಿಲಿಕ್ಕೂ ಬರಂಗಿಲ್ಲ." ನಗು ನಿಲ್ಲಿಸಿ ಕೇಳಿದ: "ಮನ್ಯಾಗ ನಿಮ್ಮ ಮುಂದ ಮಾತಾಡ್ತಾರೇನ್ರಿ?"

ವಾಪಸು ಬರುವಾಗ ಬಸ್ಸಿನಲ್ಲಿ ಅದೊಂದೇ ಮಾತು ತಲೆಯಲ್ಲಿ. ಕಿವುಡಿಯ ಮುಂದೆ ಐದು ವರ್ಷ ಬಾಯಿಬಿಟ್ಟು ಬದುಕಿದವರು, ಕೇಳಿಸತೊಡಗಿದ ಮೇಲೆ ಪಿಸುಗುಡತೊಡಗಿದ್ದರು.

ಮನೆಗೆ ಬಂದರೆ ಪೆಟ್ಟಿಗೆ ಹಗ್ಗ ಕಟ್ಟಿಸಿಕೊಂಡು ಹೊಸ್ತಿಲಲ್ಲಿ ಕೂತಿತ್ತು. ಶಿವಗಂಗಾ ಒಲೆಯ ಮುಂದೆ ಇದ್ದಳು.

"ನಾ ಬರೂತನಕ ತಡೀಬೇಕಿತ್ತಿಲ್ಲೋ?"

"ನೀವು ನಂಬಂಗಿಲ್ಲ ಅಂತ ಗೊತ್ತಿತ್ರಿ."

"ಮಷೀನ್ ಠೀಕ್ ಅದ. ನನ್ನ ಮುಂದ ಏನ್ ಮಾತಾಡ್ತಿದ್ರಿ, ಐದು ವರ್ಷ?"

ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ಎಲ್ಲಾ ಮಾತಾಡೀವ್ರಿ. ನಿಮ್ಮನ್ನ ಬೈದೀವಿ ಭೀ. ಈಗ ಬಾಯಿ ತೆರೀಲಿಕ್ಕ ಅಂಜಿಕಿ ಬರ್ತದ."

"ಹಿಂಗಾಗ್ತದ ಅಂತ ಗೊತ್ತಿದ್ದೂ ಯಾಕ ರಿಪೇರಿ ಮಾಡಿದಿ?"

"ನಿಮಗ ಕೇಳ್ಲಿ ಅಂತರಿ."

ನನಗೆ ನಾಚಿಕೆಯಾಯಿತು. ಹಗ್ಗ ಬಿಚ್ಚಿದೆ, ಕಿವಿಯಿಂದ ಮಷೀನು ತೆಗೆದು ಪೆಟ್ಟಿಗೆಯ ಮೇಲಿಟ್ಟೆ. "ಇದಕ್ಕೊಂದು ಕೆಂಪು ಲೈಟ್ ಹಚ್ಚು. ನಾ ಮಷೀನ್ ಬಂದ್ ಮಾಡಿ ಲೈಟ್ ಆರಿದಾಗ ನೀವು ಬೇಕಾದ್ದು ಮಾತಾಡ್ರಿ."

ಅವಳ ತುಟಿ ಅಲ್ಲಾಡಿದವು. ನನಗೆ ಕೇಳಲಿಲ್ಲ. ಎದ್ದು ಬಂದು, ಹಿಟ್ಟಿನ ಕೈಯಿಂದಲೇ ಮಷೀನನ್ನು ನನ್ನ ಕಿವಿಗೆ ಸಿಕ್ಕಿಸಿ ಮತ್ತೆ ಹೇಳಿದಳು:

"ಲೈಟ್ ಹಚ್ಚಂಗಿಲ್ರಿ. ಇನ್ನ ಮ್ಯಾಲ ಎದುರಾ ಎದುರು ಬೈತೇನಿ."

"ಹಂಗಾರ ಶುರು ಮಾಡು," ಅಂದೆ.

"ಮೊದಲನೇದು, ನೀವು ಭಾಳ ಅನುಮಾನದ ಮನಷ್ಯಾರು."

ಕೊನೆಯ ರೊಟ್ಟಿ ಬೇಯುವವರೆಗೂ ಬೈದಳು. ನಾನು ತಟ್ಟೆ ಮುಂದಿಟ್ಟುಕೊಂಡು ಕೂತು ಎಲ್ಲ ಕೇಳಿಸಿಕೊಂಡೆ.