ಪಟ್ಟಣ ಬಲ್ಲ ಡ್ರೈವರು

ಮಹಾಪಟ್ಟಣವೆಂದರೆ ಡ್ರೈವರಿಗೆ ಅಂಗೈ ಗೆರೆ ಇದ್ದ ಹಾಗೆ ಎಂದು ಇಡೀ ಬೀದಿ ನಂಬಿತ್ತು. ನಂಬದೆ ಏನು ಮಾಡೀತು? ಮದುವೆಗೆ ಮುಂಚಿನಿಂದಲೂ ಅವನದು ಅದೇ ರೂಟು. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಪಟ್ಟಣ, ದೀಪ ಹಚ್ಚುವ ಹೊತ್ತಿಗೆ ಮನೆ. ಯಾರಿಗೆ ಪಟ್ಟಣದಲ್ಲಿ ಏನು ಕೆಲಸವಿದ್ದರೂ ಮೊದಲು ಅವನನ್ನೇ ಕೇಳುತ್ತಿದ್ದರು. ಅವನೂ ಮೀಸೆ ತೀಡಿಕೊಂಡು, "ಬಸ್ ಸ್ಟ್ಯಾಂಡಲ್ಲಿ ಇಳಿದು ಯಾರನ್ನ ಕೇಳಿದ್ರೂ ಹೇಳ್ತಾರೆ" ಎನ್ನುತ್ತಿದ್ದ. ಆ ಉತ್ತರ ಒಂದು ಸಲವೂ ತಪ್ಪಾದದ್ದಿಲ್ಲ.

ನಿಜ ಹೇಳಬೇಕೆಂದರೆ ಈ ಮಹಾನುಭಾವ ಬಸ್ ಸ್ಟ್ಯಾಂಡಿನ ಗೇಟು ದಾಟಿ ಒಂದು ಹೆಜ್ಜೆ ಆಚೆ ಇಟ್ಟವನಲ್ಲ. ಬಸ್ಸು ತಂದು ನಿಲ್ಲಿಸುವುದು, ಕ್ಯಾಂಟೀನಿನಲ್ಲಿ ಊಟ, ಡ್ರೈವರುಗಳ ಕೋಣೆಯಲ್ಲಿ ಕಬ್ಬಿಣದ ಮಂಚದ ಮೇಲೆ ಒಂದು ನಿದ್ದೆ, ಎದ್ದು ಮುಖ ತೊಳೆದು ಮತ್ತೆ ಸ್ಟಿಯರಿಂಗು. ನಿದ್ದೆಗೆಟ್ಟು ಊರು ಸುತ್ತಿದರೆ ಹಿಂದೆ ಕೂತವರ ಗತಿಯೇನು? ಆ ಲೆಕ್ಕದಲ್ಲಿ ಅವನು ಬಹಳ ಕಟ್ಟುನಿಟ್ಟು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಮನೆಯಲ್ಲಿ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು.

ಹೇಳಲಿಲ್ಲ, ಅದೇ ಎಡವಟ್ಟು. ಹೊಸದಾಗಿ ಮದುವೆಯಾದಾಗ ಹೆಂಡತಿ ನೀರಿನ ಲೋಟ ಕೊಡುತ್ತಾ, "ಇವತ್ತು ಏನೇನು ನೋಡಿದ್ರಿ?" ಎಂದು ಕೇಳಿದಳು. "ಮಲಗಿದ್ದೆ" ಎಂದ. ಅವಳ ಮುಖ ಬಾಡಿತು. ಮರುದಿನ ಮತ್ತೆ ಕೇಳಿದಾಗ, ಕಂಡಕ್ಟರು ಹೇಳಿದ ಕೆರೆಯನ್ನು ತಾನೇ ನೋಡಿದೆನೆಂದುಬಿಟ್ಟ. ಕೆರೆ ತುಂಬ ದೋಣಿಗಳು, ಎಲ್ಲಕ್ಕೂ ಕೆಂಪು ಬಣ್ಣ. ಅವಳು ಕಣ್ಣರಳಿಸಿ ಕೇಳಿದಳು. ಆಮೇಲೆ ಕಾಗೆ ಹಾರಿಸುವುದು ರೂಢಿಯಾಗಿಹೋಯಿತು. ಗಡಿಯಾರದ ಗೋಪುರ ಬಂತು, ಬಿಳಿ ಹುಲಿ ಬಂತು, ನಿಂತಲ್ಲೇ ಮೇಲಕ್ಕೆ ಒಯ್ಯುವ ಮೆಟ್ಟಿಲಿನ ಅಂಗಡಿ ಬಂತು. ಪಾಪ, ಅವನಿಗೂ ಅವಳ ಆ ಮುಖ ನೋಡುವ ಆಸೆ.

ಹೆಂಡತಿಗೆ ಊರಿನ ಆಸ್ಪತ್ರೆಯಲ್ಲಿ ಕೆಲಸ. ವಾರ್ಡಿನ ಹಾಸಿಗೆಗಳ ಮೈಲಿಗೆ ಬಟ್ಟೆ ಎತ್ತಿ ಹೊಸದು ಹಾಸಬೇಕು. ಶನಿವಾರ, ಭಾನುವಾರ ಒಟ್ಟಿಗೆ ರಜೆ ಎಂಬುದನ್ನು ಅವಳು ಕನಸಲ್ಲೂ ಕಂಡಿರಲಿಲ್ಲ. ಈಗ ಹೊಸಬಳೊಬ್ಬಳು ಕೆಲಸಕ್ಕೆ ಸೇರಿದ್ದರಿಂದ ಅದೂ ಸಿಕ್ಕಿತು. ಅವಳು ಕುಣಿಯುತ್ತಲೇ ಮನೆಗೆ ಬಂದಳು.

"ರೀ, ನೀವೂ ರಜೆ ಹಾಕಿ. ಪಟ್ಟಣಕ್ಕೆ ಹೋಗೋಣ. ಮೊದಲು ಕೆರೆ, ಆಮೇಲೆ ಹುಲಿ. ನನಗೇನು ಭಯ, ನೀವಿದ್ದೀರಲ್ಲ!"

ಡ್ರೈವರು ನೆಪ ಹುಡುಕತೊಡಗಿದ. ಬಿಸಿಲು ಜಾಸ್ತಿ ಎಂದ, ಜನ ಜಾಸ್ತಿ ಎಂದ, ಹುಲಿಗೆ ಹುಷಾರಿಲ್ಲವಂತೆ ಎಂದೂ ಹೇಳಿ ನೋಡಿದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಊರಿನವರ ಮುಂದೆ ಮಾನ ಹೋದರೆ ಹೋಗಲಿ, ಅವನ ಭಯ ಬೇರೆಯೇ ಇತ್ತು. ಇದೊಂದು ಸುಳ್ಳೆಂದು ಗೊತ್ತಾದರೆ, ಇಷ್ಟು ವರ್ಷ ಆಡಿದ ಬೇರೆ ಯಾವ ಮಾತನ್ನು ಅವಳು ನಂಬಿಯಾಳು?

ಮರುದಿನ ಕಂಡಕ್ಟರನ್ನು ಮೂಲೆಗೆ ಕರೆದ. "ಲೋ, ಆ ಕೆರೆಗೆ ಹೋಗೋದು ಹೇಗೋ?"

"ನನ್ನನ್ನ ಕೇಳ್ತೀರಲ್ಲ ಅಣ್ಣಾ! ನಾನೆಲ್ಲಿ ನೋಡಿದೀನಿ? ಕಿಟಕಿ ಸೀಟಿನವರು ಮಾತಾಡ್ಕೊಳ್ತಿದ್ರು, ನಾನು ನಿಮಗೆ ಹೇಳಿದೆ."

"ಹಾಗಾದ್ರೆ ಕೆಂಪು ದೋಣಿ?"

"ಕೆಂಪು ಅಂತ ನಾನು ಹೇಳಲೇ ಇಲ್ಲ. ಅದು ನಿಮ್ಮದೇ ಇರಬೇಕು" ಎಂದು ಕಂಡಕ್ಟರು ಸೀಟಿ ಊದಿದ.

ಆ ಸಂಜೆ ಹೆಂಡತಿ ಊಟದ ಮೇಜಿನ ಮುಂದೆ ಬಟಾಣಿ ಬಿಡಿಸುತ್ತಾ, "ಎಲ್ಲಿಂದ ಎಲ್ಲಿಗೆ ಅಂತ ಸರಿಯಾಗಿ ತೋರಿಸಿಬಿಡಿ. ಸುಮ್ಮನೆ ಅಲೆಯೋದು ಬೇಡ" ಎಂದಳು. ಡ್ರೈವರು ಧೈರ್ಯ ಮಾಡಿ ದೊಡ್ಡ ತಟ್ಟೆಯೊಂದನ್ನು ಮೇಜಿನ ನಡುವೆ ಇಟ್ಟ. "ಇದು ಬಸ್ ಸ್ಟ್ಯಾಂಡು." ಅದರ ಸುತ್ತ ಬಟಾಣಿ ಸಾಲಿಟ್ಟು ಪ್ಲಾಟ್‌ಫಾರಂ ಮಾಡಿದ. ಬೋರಲು ಲೋಟ ಕ್ಯಾಂಟೀನು, ಬೆಂಕಿಪೊಟ್ಟಣ ಡೀಸೆಲ್ ಬಂಕು, ಸೌಟು ಬಸ್ಸು ತೊಳೆಯುವ ಜಾಗ. ಹುರುಪು ಏರಿತು. ನಲ್ಲಿ ಎಲ್ಲಿ, ಯಾವ ಮೂಲೆಯಲ್ಲಿ ಬಸ್ಸು ತಿರುಗಿಸುವುದು ಕಷ್ಟ, ನೆರಳು ಎಲ್ಲಿ ಬೀಳುತ್ತದೆ, ಎಲ್ಲವನ್ನೂ ಕಣ್ಣಿಗೆ ಕಟ್ಟಿದಂತೆ ತೋರಿಸಿದ. ಮೇಜು ತುಂಬಿಹೋಯಿತು.

"ಕೆರೆ ಎಲ್ಲಿ?" ಎಂದಳು.

ಮೇಜಿನ ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು. ಅಲ್ಲೊಂದು ಮುಚ್ಚಳ ಇಟ್ಟ.

"ಹುಲಿ?"

ಡ್ರೈವರು ಉಪ್ಪಿನ ಡಬ್ಬಿ ಕೈಯಲ್ಲಿ ಹಿಡಿದು ನಿಂತ. ಇಡುವುದಕ್ಕೆ ಜಾಗವಿರಲಿಲ್ಲ.

ಹೆಂಡತಿ ಮೇಜನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು. "ರೀ, ನೀವು ಆ ಗೇಟಿನಾಚೆ ಹೋಗೇ ಇಲ್ಲ, ಅಲ್ವಾ?"

"ಇಲ್ಲ ಕಣೇ" ಎಂದು ಅವನು ಕುಸಿದು ಕೂತ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ, ಪ್ಲಾಟ್‌ಫಾರಂಗಳನ್ನು ಒಂದೊಂದಾಗಿ ಹೆಕ್ಕಿ ಬಟ್ಟಲಿಗೆ ಹಾಕತೊಡಗಿದಳು. "ನನಗೆ ಎಷ್ಟು ಹೊಟ್ಟೆ ಉರಿದಿದೆ ಗೊತ್ತಾ ನಿಮಗೆ? ವಾರ್ಡಲ್ಲಿ ಹೊಲಸು ಬಟ್ಟೆ ಎತ್ತುವಾಗೆಲ್ಲ, ಈಗ ಇವರು ಕೆರೆ ದಂಡೇಲಿ ಗಾಳಿ ತಗೊಳ್ತಿರ್ತಾರೆ ಅಂದ್ಕೊಳ್ತಿದ್ದೆ. ಒಂದು ಸಲಾನೂ ನೀನೂ ಬಾ ಅನ್ನಲಿಲ್ವಲ್ಲ ಅಂತ ಅತ್ತಿದೀನಿ."

ದಿನಾ ಸಂಜೆ ಅವಳಿಗೆ ಖುಷಿ ಕೊಡುತ್ತಿದ್ದೇನೆ ಎಂದೇ ಡ್ರೈವರು ತಿಳಿದಿದ್ದ. ಉಪ್ಪಿನ ಡಬ್ಬಿ ಕೆಳಗಿಡುತ್ತಾ, "ಹಾಗಾದ್ರೆ... ಹೋಗೋದು ಬೇಡ್ವಾ?" ಎಂದ.

"ಯಾಕೆ ಬೇಡ? ರಜೆ ಏನು ಗಿಡದಲ್ಲಿ ಬಿಡುತ್ತಾ?"

ಶನಿವಾರ ಅವನದೇ ಬಸ್ಸಿನಲ್ಲಿ ಹೊರಟರು. ಓಡಿಸುತ್ತಿದ್ದವನು ಬೇರೆಯವನು. ಪ್ರತಿ ತಿರುವಿನಲ್ಲೂ ನಮ್ಮ ಡ್ರೈವರನ ಬಲಗಾಲು ನೆಲ ಒತ್ತುತ್ತಿತ್ತು. "ಬ್ರೇಕು ಅಲ್ಲಿಲ್ಲ, ಸುಮ್ಮನೆ ಕೂತ್ಕೊಳ್ಳಿ" ಎಂದು ಹೆಂಡತಿ ತೊಡೆ ಚಿವುಟಿದಳು. ಮುನಿಸು ಪೂರ್ತಿ ಇಳಿದಿರಲಿಲ್ಲ, ಚಿವುಟಿದ್ದು ಚೆನ್ನಾಗಿಯೇ ಉರಿಯಿತು.

ಇಳಿದವನು ಗೇಟಿನ ಕಡೆ ಹೊರಟರೆ ಅವಳು ತೋಳು ಹಿಡಿದು ನಿಲ್ಲಿಸಿದಳು. "ಮೊದಲು ನೀವು ಮಲಗೋ ಜಾಗ ತೋರಿಸಿ."

ಹೆಂಗಸರು ಒಳಗೆ ಹೋಗುವ ಹಾಗಿರಲಿಲ್ಲ. ಕಾವಲುಗಾರ ಡ್ರೈವರನ ಪೆಚ್ಚುಮೋರೆ ನೋಡಿ, ಆಕಾಶದಲ್ಲಿ ಏನೋ ಕಂಡವನಂತೆ ಕತ್ತು ಮೇಲೆತ್ತಿದ. ಇಬ್ಬರೂ ಒಳಗೆ ನುಸುಳಿದರು. ಕಿಟಕಿಯ ಪಕ್ಕದ್ದು ಅವನ ಮಂಚ. ಹಾಸಿಗೆಯ ನಡುವೆ ಅವನ ಮೈಯಷ್ಟೇ ಉದ್ದದ ತಗ್ಗು. ಹೊರಗೆ ಬಸ್ಸುಗಳು ಒಂದೇ ಸಮನೆ ಗುರ್ ಎನ್ನುತ್ತಿದ್ದವು. ಅವಳು ಬ್ಯಾಗು ಕೆಳಗಿಟ್ಟು, ಹಾಸಿಗೆಯನ್ನು ಮಗುಚಿ ಹಾಕಿ, ಬಡಿದು ಧೂಳು ಕೊಡವಿ, ಚಾದರ ಎಳೆದು, ವಾರ್ಡಿನಲ್ಲಿ ಮಾಡುವ ಹಾಗೆ ನಾಲ್ಕು ಮೂಲೆಯನ್ನೂ ಬಿಗಿಯಾಗಿ ಒಳಗೆ ಸಿಕ್ಕಿಸಿದಳು.

"ಇದರ ಮೇಲೆ ಮಲಗೆದ್ದು ಬಂದು ನನಗೆ ಕೆರೆ ಕಥೆ ಹೇಳ್ತಿದ್ರಾ?" ಎಂದಳು.

ಪಕ್ಕದ ಮಂಚದವನು ಕಂಬಳಿಯೊಳಗಿಂದಲೇ, "ಅಕ್ಕಾ, ನಮ್ಮದೂ ಒಂದು ಸರಿಮಾಡಿಕೊಡಿ" ಎಂದ. ಅವಳು ನಗುತ್ತಾ ಕಣ್ಣೊರೆಸಿಕೊಂಡಳು.

ಗೇಟಿನ ಹೊರಗೆ ನಿಂತು, "ಎಡಕ್ಕೋ ಬಲಕ್ಕೋ?" ಎಂದಳು.

"ಗೊತ್ತಿಲ್ಲ" ಎಂದ. ಪಟ್ಟಣದ ವಿಷಯದಲ್ಲಿ ಅವನು ಹೆಂಡತಿಗೆ ಹಾಗೆ ಹೇಳಿದ್ದು ಅದೇ ಮೊದಲು.

"ಯಾರನ್ನ ಕೇಳಿದ್ರೂ ಹೇಳ್ತಾರೆ ಬಿಡಿ" ಎಂದು ಅವಳು ಅವನದೇ ಗತ್ತಿನಲ್ಲಿ ಅಂದು, ಹಣ್ಣಿನ ಗಾಡಿಯವನ ಹತ್ತಿರ ನಡೆದಳು.

ಕೆರೆ ಇತ್ತು. ದಂಡೆಯಲ್ಲಿ ಮರದ ಕೆಳಗೆ ಒಂದು ಬೆಂಚೂ ಇತ್ತು. ಕೂತದ್ದೇ ತಡ, ಡ್ರೈವರನ ರೆಪ್ಪೆ ಭಾರವಾಯಿತು. ಅದು ಅವನು ದಿನಾ ಮಲಗುವ ಹೊತ್ತು. ತಲೆ ಕೊಡವಿದ, ಕಣ್ಣುಜ್ಜಿಕೊಂಡ, ಇವತ್ತಾದರೂ ನೋಡಬೇಕೆಂದು ಹಟ ಹಿಡಿದ. ಮೈ ಕೇಳಬೇಕಲ್ಲ!

ಹೆಂಡತಿ ಅವನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. "ಮಲಗಿ. ನಾನು ನೋಡ್ತಿರ್ತೀನಿ. ಎದ್ದ ಮೇಲೆ ಏನೇನು ನೋಡಿದೆ ಅಂತ ಹೇಳ್ತೀನಿ."

"ದೋಣಿ ಯಾವ ಬಣ್ಣ?" ಎಂದ, ಕಣ್ಣು ಮುಚ್ಚಿಕೊಂಡೇ.

"ಹಳದಿ" ಎಂದಳು. "ಒಂದೂ ಕೆಂಪಿಲ್ಲ."